ಹೊಸಹಟ್ಟಿಯ ಮೊದಲ ಪ್ರಜೆ

ಚಂದ್ರನ ದಕ್ಷಿಣ ಧ್ರುವದ ಹೊಸಹಟ್ಟಿಯಲ್ಲಿ ಮೂವತ್ತೊಂದು ವರ್ಷಗಳಿಂದ ಸಾವಿರದ ನೂರಕ್ಕೂ ಮಿಕ್ಕಿ ಜನ ಬಾಳುತ್ತಿದ್ದರು. ಆದರೆ ಅಲ್ಲಿ ಒಂದೇ ಒಂದು ಕೂಸು ಹುಟ್ಟಿರಲಿಲ್ಲ. ಅದನ್ನು ಯಾರೂ ಕೊರತೆಯೆಂದು ತಿಳಿದಿರಲೂ ಇಲ್ಲ. ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ತವರು ಕೆಳಗೆ ಭೂಮಿಯಲ್ಲಿದೆ. ಆದ್ದರಿಂದ ಭೂಮಿಗೆ ಹೋಗುತ್ತಾಳೆ. ಇದರಲ್ಲಿ ವಿಶೇಷವೇನು? ಮೊದಲನೆಯದಕ್ಕೆ ಹೋದವಳು ಎರಡನೆಯದಕ್ಕೂ ಹೋಗುತ್ತಿದ್ದಳು. ಕೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಕೆಲಸಕ್ಕೆ ಮರಳುತ್ತಿದ್ದಳು. ಎಲುಬು ಗಟ್ಟಿಯಾಗಿ ಐದು ತುಂಬಿದ ಮೇಲೆ ಅದನ್ನು ಮೇಲಕ್ಕೆ ಕರೆಸಿಕೊಳ್ಳುತ್ತಿದ್ದಳು. ಗಣಿ ನಡೆಸುವ ಮಂಡಳಿಗೂ ಈ ಪದ್ಧತಿ ಹಿಡಿಸಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಇವರೆಲ್ಲ ಲಿಂಗಸುಗೂರು ಸೀಮೆಯ ಗಣಿ ಮನೆತನಗಳವರು. ನೆಲದೊಳಗೆ ಕತ್ತಲಲ್ಲಿ ದುಡಿದು ರೂಢಿಯಿದ್ದವರೆಂದು ಅವರನ್ನೇ ಆರಿಸಿ ಒಯ್ದಿದ್ದರು. ಬಿಸಿಲು ಎಂದೂ ಬೀಳದ ಕುಳಿಗಳಲ್ಲಿ ಹೆಪ್ಪುಗಟ್ಟಿದ್ದ ಮಂಜನ್ನು ಕಡಿಯುವುದು, ಕರಗಿಸುವುದು, ಆ ನೀರನ್ನು ಒಡೆದು ಉಸಿರಾಡುವ ಗಾಳಿಯನ್ನೂ ರಾಕೆಟ್ಟಿನ ಇಂಧನವನ್ನೂ ತೆಗೆಯುವುದು ಅವರ ಕೆಲಸ. ಈಗ ತಾವೇ ಕಡಿದು ತಾವೇ ಹೊತ್ತು ತರುವ ಯಂತ್ರಗಳು ಬಂದಿದ್ದವು. ಇನ್ನು ಮೂರು ವರ್ಷಕ್ಕೆ ಊರು ಮುಚ್ಚಿ ಎಲ್ಲರನ್ನೂ ಕೆಳಗಿಳಿಸುವುದೆಂದು, ಹನ್ನೊಂದು ದೇಶಗಳು ಸೇರಿ ಕಟ್ಟಿದ್ದ ಆ ಮಂಡಳಿ ತೀರ್ಮಾನಿಸಿತು. ಇಳಿಯುವುದೆಂದರೆ ಬಸ್ಸಿನಿಂದ ಇಳಿದಂತಲ್ಲ. ಚಂದ್ರನ ಮೇಲೆ ಮನುಷ್ಯನ ತೂಕ ಆರರಲ್ಲಿ ಒಂದು ಪಾಲು. ದಿನಕ್ಕೆರಡು ತಾಸು ತಿರುಗುಕೋಣೆಯಲ್ಲಿ, ಅಂದರೆ ಗರಗರ ಸುತ್ತುತ್ತ ಭೂಮಿಯ ಭಾರವನ್ನು ಹುಟ್ಟಿಸುವ ದೊಡ್ಡ ಪೀಪಾಯಿಯಲ್ಲಿ, ನಡೆದಾಡಿದರೂ ಇಪ್ಪತ್ತು ವರ್ಷದಲ್ಲಿ ಎಲುಬು ಹಪ್ಪಳವಾಗುತ್ತದೆ, ಗುಂಡಿಗೆ ಸೋಮಾರಿಯಾಗುತ್ತದೆ. ಹಳಬರನ್ನು ಇಳಿಸಿದರೆ ಹತ್ತರಲ್ಲಿ ಮೂವರು ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ಊರಿನ ಡಾಕ್ಟರು ಫರ್ಹಾನಾ ಬರೆದುಕೊಟ್ಟಳು. ಮಂಡಳಿ ವಿಷಾದ ಸೂಚಿಸಿ ಉತ್ತರ ಬರೆಯಿತು.

ಆಗ ಊರು ಸೇರಿ ಮತ ಹಾಕಿತು. ಎಂಟುನೂರ ಆರು ಮತಗಳಲ್ಲಿ ಏಳುನೂರ ಎಪ್ಪತ್ತೊಂದು ಒಂದೇ ಕಡೆ ಬಿದ್ದವು. ಹೊಸಹಟ್ಟಿ ಸ್ವತಂತ್ರವಾಯಿತೆಂದು ಪಂಚಾಯಿತಿಯ ಮುಖ್ಯಸ್ಥ ಮೌನೇಶಪ್ಪ ಘೋಷಣೆ ಓದಿದ. ಘೋಷಣೆ ಓದುವುದೇನೋ ಸುಲಭ. ಸ್ವತಂತ್ರರಾದೆವೆಂದು ಕೂಗುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಕೂಗಿದ್ದನ್ನು ನಾಲ್ಕು ಜನ ಕಿವಿಗೆ ಹಾಕಿಕೊಳ್ಳಬೇಕಷ್ಟೆ. ಹನ್ನೊಂದು ದೇಶಗಳು ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಪೀಠದ ಮುಂದಿಟ್ಟು ಅಭಿಪ್ರಾಯ ಕೇಳಿದವು.

ಹೊಸಹಟ್ಟಿಯ ಪರ ವಾದಿಸಿದವಳು ಅಮರಮ್ಮ. ವಯಸ್ಸು ಐವತ್ತೊಂಬತ್ತು. ಕಲಬುರಗಿಯಲ್ಲಿ ಕಾನೂನು ಓದಿ, ಗಂಡನ ಹಿಂದೆ ಮೇಲಕ್ಕೆ ಬಂದು, ಆ ಡಿಗ್ರಿಯನ್ನು ಟ್ರಂಕಿನ ತಳಕ್ಕೆ ಹಾಕಿ ಜನನ ಮರಣ ನೋಂದಣಿಯ ಗುಮಾಸ್ತೆಯಾಗಿದ್ದಳು. ಮೂವತ್ತು ವರ್ಷದಲ್ಲಿ ಅವಳು ಬರೆದಿದ್ದೆಲ್ಲ ಮರಣವೇ. ಆರು ವರ್ಷದ ಹಿಂದೆ ಗಂಡನ ಹೆಸರನ್ನೂ ಬರೆದಿದ್ದಳು. ವಾದಕ್ಕೆ ನಿಂತರೆ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಚಂದ್ರ ಯಾವ ದೇಶದ್ದೂ ಅಲ್ಲವೆಂದು ಹಳೆಯ ಒಪ್ಪಂದವಿದೆ, ಯಾರದ್ದೂ ಅಲ್ಲದ ಜಾಗದಲ್ಲಿ ಯಾರಿಂದ ಬೇರೆಯಾಗುತ್ತೀರಿ ಎಂದು ಮಂಡಳಿಯ ವಕೀಲರು ನಕ್ಕರು. ಯಾರದ್ದೂ ಅಲ್ಲದ ಜಾಗದಿಂದ ನಮ್ಮನ್ನು ಎಬ್ಬಿಸಲು ನೀವು ಯಾರು ಎಂದು ಅಮರಮ್ಮ ಕೇಳಿದಳು. ಅವರು ಕೆಮ್ಮಿದರು.

ಸಂಪರ್ಕ ಕೋಣೆಯಲ್ಲಿ ಪರದೆಯ ಮುಂದೆ ಅವಳು, ಬೆನ್ನಿಗೆ ಊರಿನ ಅರ್ಧ ಜನ. ಇಲ್ಲಿ ಆಡಿದ್ದು ಅಲ್ಲಿಗೆ ಮುಟ್ಟಿ ಉತ್ತರ ಬರಲು ಎರಡೂವರೆ ಸೆಕೆಂಡು ಬೇಕು. ಒಂದು ದೇಶವೆನಿಸಿಕೊಳ್ಳಲು ಕಾನೂನು ಕೇಳುವ ನಾಲ್ಕನ್ನು ಅಮರಮ್ಮ ಒಂದೊಂದಾಗಿ ಬಿಡಿಸಿಟ್ಟಳು. ಗಡಿಯಿರುವ ನೆಲವಿದೆ, ಆಡಳಿತವಿದೆ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿಯಿದೆ, ಖಾಯಂ ಆಗಿ ನೆಲೆಸಿದ ಜನರಿದ್ದಾರೆ.

"ನಮ್ಮವರು ನಲವತ್ತೆರಡು ಮಂದಿ ಇದೇ ನೆಲದಲ್ಲಿ ಮಣ್ಣಾಗಿದ್ದಾರೆ, ಸ್ವಾಮಿ" ಎಂದಳು.

ಪೀಠದ ತುದಿಯಲ್ಲಿ, ಯಾವುದೋ ಸಣ್ಣ ದ್ವೀಪದೇಶದ ವಯಸ್ಸಾದ ನ್ಯಾಯಾಧೀಶರೊಬ್ಬರು ಕೂತಿದ್ದರು. ಇಡೀ ದಿನ ಬಾಯಿ ಬಿಡದಿದ್ದವರು ಈಗ ಮೆತ್ತಗೆ ಕೇಳಿದರು. "ಹುಟ್ಟಿದವರು ಎಷ್ಟು ಮಂದಿ?"

ಎರಡೂವರೆ ಸೆಕೆಂಡು ಕಳೆಯಿತು. ಅಮರಮ್ಮ ಬೆನ್ನ ಹಿಂದಿನ ಜನರತ್ತ ತಿರುಗಿ ನೋಡಿದಳು.

"ಯಾರೂ ಇಲ್ಲ" ಎಂದಳು ಅಮರಮ್ಮ.

ನ್ಯಾಯಾಧೀಶರು ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಮಂಡಳಿಯ ವಕೀಲರು ಎದ್ದು, ಹುಟ್ಟಲು ಬೇರೆ ಕಡೆ ಹೋಗುವ ಜನರಿರುವ ಜಾಗಕ್ಕೆ ಊರೆನ್ನುವುದಿಲ್ಲ, ಹಾಸ್ಟೆಲ್ ಎನ್ನುತ್ತಾರೆ, ಸ್ವಯಂನಿರ್ಣಯದ ಹಕ್ಕು ಜನಾಂಗಕ್ಕೆ ಇರುವುದೇ ಹೊರತು ಹಾಸ್ಟೆಲಿನವರಿಗಲ್ಲ ಎಂದರು. ಅಂತಿಮ ವಾದಕ್ಕೆ ಒಂಬತ್ತು ತಿಂಗಳ ಗಡುವು ಕೊಟ್ಟು ಪೀಠ ಎದ್ದಿತು.

"ಮುಗೀತು ಬಿಡವ್ವ. ಆ ಮುದುಕ ಒಂದ ಮಾತಿನ್ಯಾಗ ನಮ್ಮ ಬೇರ ಕಿತ್ತ" ಎಂದು ಮೌನೇಶಪ್ಪ ಕುರ್ಚಿಯಲ್ಲಿ ಕುಸಿದ.

ಎಲ್ಲರಿಗೂ ಹಾಗೇ ಅನಿಸಿತ್ತು. ಲಿಂಗಸುಗೂರು ಸೀಮೆಯಲ್ಲಿ ಹೊಸಬರು ಎದುರಾದರೆ ಮೊದಲ ಪ್ರಶ್ನೆ "ಯಾವೂರು?" ಎಂಬುದು. ಅದರರ್ಥ ಎಲ್ಲಿ ಹುಟ್ಟಿದೆ ಎಂದು. ಅಮರಮ್ಮನ ಅತ್ತೆ ಮುದಗಲ್ಲಿನಿಂದ ಬಂದು ಐವತ್ತು ವರ್ಷ ಗಂಡನ ಊರಲ್ಲಿ ಬಾಳಿ ಸತ್ತರೂ ಸಾಯುವ ದಿನದ ತನಕ ಊರವರ ಬಾಯಲ್ಲಿ ಮುದಗಲ್ಲಕ್ಕನೇ. ಹುಟ್ಟಿದ್ದೇ ಊರು ಎಂದು ತಿಳಿದ ಜನಕ್ಕೆ ಆ ಪ್ರಶ್ನೆ ಕೊಡಲಿಯೇಟಿನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನ್ಯಾಯಪೀಠದ ಊರಿನಲ್ಲಿ ಇವರ ಕಾಗದಪತ್ರ ನೋಡಿಕೊಳ್ಳುತ್ತಿದ್ದ ವಕೀಲನೊಬ್ಬ ಮಾರನೆಯ ದಿನವೇ ಬರೆದಿದ್ದ: ಅದು ಸಹಜವಾಗಿ ಕೇಳಿದ ಪ್ರಶ್ನೆ, ಅದಕ್ಕೆ ತೂಕ ಕೊಡಬೇಡಿ. ಅಮರಮ್ಮ ಅದನ್ನು ಓದಿ, ಇವನಿಗೇನು ಗೊತ್ತು ಎಂದು ಬದಿಗಿಟ್ಟಳು. ಮುಂದೆ ಎಷ್ಟೋ ವರ್ಷ ಅವಳು ಆ ಒಂದು ಸಾಲನ್ನು ನೆನೆದು ತನ್ನ ಹಣೆಯನ್ನು ತಾನೇ ಬಡಿದುಕೊಳ್ಳುವವಳಿದ್ದಳು.

ಅವಳ ಒಬ್ಬಳೇ ಮಗಳು ನೀಲಾಂಬಿಕಾ ಆಗ ಎರಡು ತಿಂಗಳ ಬಸುರಿ.

* * *

ಫರ್ಹಾನಾಳ ಪ್ರಯೋಗಶಾಲೆ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಸಾಲಾಗಿ ಪಂಜರಗಳು, ಒಳಗೆ ಬಿಳಿಯ ಮೊಲಗಳು. ಸಣ್ಣ ನೆಗೆತಕ್ಕೇ ಪಂಜರದ ಚಾವಣಿಗೆ ತಲೆ ತಾಗಿಸಿಕೊಂಡು ಅವು ನಿಧಾನ ಇಳಿಯುತ್ತಿದ್ದವು. ಅಮರಮ್ಮ ಒಂದು ಪಂಜರದ ಮುಂದೆ ನಿಂತಳು.

"ಇವು ಇಲ್ಲೇ ಹುಟ್ಟಿದ್ದಾವೇನು?"

"ಇಲ್ಲೇ ಹುಟ್ಟಿದ್ದು, ಇಲ್ಲೇ ಬೆಳೆದದ್ದು. ಉಂಡುಕೊಂಡು ಚಂದ ಅದಾವ" ಎಂದಳು ಫರ್ಹಾನಾ. ರಾಯಚೂರಿನವಳು, ಮಾತಿನಲ್ಲಿ ಅಳತೆಯವಳು. "ಇಲ್ಲೇ ಇರೋ ತನಕ ಚಂದ."

"ಅಂದ್ರ?"

"ಹಿಂಗ ಹುಟ್ಟಿದ ಹದಿನಾಲ್ಕು ಮೊಲಾನ ತಿರುಗುಕೋಣಿಗೆ ಹಾಕಿದ್ದೆ. ಒಮ್ಮಿಗೇ ಅಲ್ಲ, ದಿನಾ ಸ್ವಲ್ಪ ಸ್ವಲ್ಪ ಭಾರ ಏರಿಸಿ. ಅವುಗಳ ಗುಂಡಿಗೆ ತಾಯಿ ಹೊಟ್ಟಿಯೊಳಗ ಕಡೀ ದಿನಗಳಾಗ ಈ ಹಗುರ ತೂಕಕ್ಕ ಬಲಿತಿದ್ದು. ಭೂಮಿ ಭಾರಕ್ಕ ಅದು ರಕ್ತ ಎತ್ತಂಗಿಲ್ಲ." ಅವಳು ಕೈ ಒರೆಸಿಕೊಂಡಳು. "ಹದಿನಾಲ್ಕೂ ಹೋದವು."

"ಬಸುರಿದ್ದಾಗ ತಾಯೀನ ತಿರುಗಿಸಿದ್ರ?"

"ಗಬ್ಬ ನಿಲ್ಲಲಿಲ್ಲ." ಫರ್ಹಾನಾ ಅವಳ ಮುಖ ನೋಡಿದಳು. "ಮೊಲದ್ದು ಮನಷ್ಯಾರಿಗೆ ಹಂಗೇ ಆಗತೈತಿ ಅಂತ ನಾ ಪ್ರಮಾಣ ಮಾಡಂಗಿಲ್ಲ. ಆದ್ರ ಇಲ್ಲಿ ಹುಟ್ಟಿದ ಕೂಸು ಜನ್ಮದಾಗ ಕೆಳಗ ಇಳೀಲಾರದು ಅಂತ ನನ್ನ ಲೆಕ್ಕ. ನೀಲಾಗೆ ನಾನ ಹೇಳಲೇನು?"

"ಬ್ಯಾಡ. ತಾಯಿ ನಾನು. ನಾನ ಹೇಳ್ತೀನಿ" ಎಂದಳು ಅಮರಮ್ಮ.

ಹೇಳಬೇಕೆಂದೇ ಅವಳು ಹೊರಟಿದ್ದಳು. ಇದನ್ನು ಅವಳ ಪರವಾಗಿ ಹೇಳಲೇಬೇಕು. ಆಸ್ಪತ್ರೆಯಿಂದ ಮನೆಗೆ ನಾನೂರು ಹೆಜ್ಜೆಯ ಸುರಂಗ. ಆ ನಾನೂರು ಹೆಜ್ಜೆಯಲ್ಲಿ ಅವಳಿಗೆ ಎದುರಾದವರು ಹನ್ನೊಂದು ಮಂದಿ, ಎಲ್ಲರೂ ಹಳಬರು, ಎಲ್ಲರದೂ ಒಂದೇ ಮಾತು: "ಏನರ ದಾರಿ ಸಿಕ್ತೇನವ್ವ?" ಅವರಲ್ಲಿ ಕೊನೆಯವನು ಅವಳ ಗಂಡನ ಜೊತೆ ಇಪ್ಪತ್ತು ವರ್ಷ ಕೊರೆಯುವ ಯಂತ್ರ ನಡೆಸಿದ ಮುದುಕ. ಅವನು ಗೋಡೆ ಹಿಡಿದು ನಿಂತು ಅವಳಿಗೆ ದಾರಿ ಬಿಟ್ಟ.

ನೀಲಾ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿ ರೊಟ್ಟಿ ಬಡಿಯುವುದೂ ಒಂದು ವಿದ್ಯೆ. ಹಿಟ್ಟು ಮೇಲೆದ್ದರೆ ಮೋಡದಂತೆ ಕವಿದು ಇಳಿಯಲು ಹೊತ್ತು ಹಿಡಿಯುವುದರಿಂದ ಕೈಯನ್ನು ಒದ್ದೆ ಮಾಡಿಕೊಂಡು ಮೆಲ್ಲಗೆ ತಟ್ಟಬೇಕು. ಅವಳ ಗಂಡ ಆದೆಪ್ಪ ಗಣಿಯ ಪಾಳಿಗೆ ಹೋಗಿದ್ದ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಐದನೆಯ ತಿಂಗಳಿಗೆ ಕೆಳಗಿಳಿಯುವ ನೌಕೆಯ ತಾರೀಖಿತ್ತು. ಲಿಂಗಸುಗೂರಿನಲ್ಲಿ ಅಜ್ಜಿ ಬಸಲಿಂಗಮ್ಮ ಆಗಲೇ ತೊಟ್ಟಿಲು ಇಳಿಸಿ ತೊಳೆದಿದ್ದಾಳೆಂದು ಸುದ್ದಿ ಬಂದಿತ್ತು.

"ನೀಲಾ, ನಿನ್ನ ತವರು ಎಲ್ಲೈತಿ?" ಎಂದು ಅಮರಮ್ಮ ಕೇಳಿದಳು.

"ಇದೇನು ಕೇಳೋದು? ಅಜ್ಜಿ ಮನಿ."

"ಅದು ನನ್ನ ತವರು. ತಾಯಿ ಇದ್ದಲ್ಲಿ ತವರು. ನಾ ಇರೋದು ಇಲ್ಲಿ."

ನೀಲಾಳ ಕೈ ನಿಂತಿತು. ತಾಯಿ ಹೇಳಹೊರಟಿದ್ದು ಅವಳಿಗೆ ಅಷ್ಟರಲ್ಲೇ ತಿಳಿಯಿತು. ಸಂಪರ್ಕ ಕೋಣೆಯಲ್ಲಿ ಅವಳೂ ಇದ್ದಳಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ, ತಿರುವಿ, ತೆಗೆದು, ಆಮೇಲೆ ಕೇಳಿದಳು.

"ಅವ್ವ, ಇದನ್ನ ವಕೀಲಳಾಗಿ ಕೇಳಾಕತ್ತೀಯೋ, ತಾಯಿಯಾಗಿ ಕೇಳಾಕತ್ತೀಯೋ?"

"ತಾಯಿಯಾಗಿ."

"ಕೂಸಿಗೆ ಏನೂ ಆಗಂಗಿಲ್ಲಲ್ಲ?"

"ಫರ್ಹಾನಾ ಕಡೆ ಹೋಗಿದ್ದೆ. ಇಲ್ಲಿ ಹುಟ್ಟಿದ ಮೊಲ ಚಂದ ಅದಾವ. ನಾನ ನೋಡಿ ಬಂದೀನಿ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ವಕೀಲರು ಹೀಗೆಯೇ ಮಾತಾಡುತ್ತಾರೆ. ನಾಲಿಗೆ ಅಲ್ಲಿಗೇ ನಿಲ್ಲಬಹುದಿತ್ತು, ನಿಲ್ಲಲಿಲ್ಲ. "ನೀ ಹೆಜ್ಜಿ ಇಟ್ಟದ್ದು ನಾ ನೋಡಲಿಲ್ಲ ನೀಲಾ. ನೀ ಮೊದಲ ಮಾತಾಡಿದ್ದು ನಾ ಕೇಳಲಿಲ್ಲ. ಐದು ವರ್ಷ ಆದ ಮ್ಯಾಲೆ ಬಂದು ನನ್ನ ನೋಡಿ, ಅಜ್ಜಿ ಬೇಕು ಅಂತ ಅತ್ತಿ. ನಿನಗ ಆ ಗತಿ ಬರೋದು ಬ್ಯಾಡ" ಎಂದಳು. ಇದು ನಿಜವಾಗಿ ಅವಳ ಎದೆಯೊಳಗಿನ ಮಾತು. ಅದನ್ನು ಆ ಹೊತ್ತಿಗೆ ಖರ್ಚು ಮಾಡಿದ್ದೇ ತಪ್ಪು.

ನೀಲಾ ಅತ್ತಳು. ಆಮೇಲೆ ಗೋಡೆಯ ಚೀಟಿ ಕಿತ್ತಳು. ನಾಲ್ಕು ದಿನಕ್ಕೆ ಫರ್ಹಾನಾ ಒಪ್ಪಿಗೆಯ ಕಾಗದ ಮುಂದಿಟ್ಟು, "ಎಲ್ಲಾ ತಿಳಿದೈತಲ್ಲ ತಂಗಿ?" ಎಂದು ಕೇಳಿದಾಗ, "ಅವ್ವ ಓದ್ಯಾಳಲ್ಲ" ಎಂದು ಓದದೆ ರುಜು ಹಾಕಿದಳು. ಮನೆಯಲ್ಲಿ ವಕೀಲರಿದ್ದರೆ ಕಾಗದ ಓದುವ ಕಷ್ಟ ಯಾರು ಪಡುತ್ತಾರೆ? ತಾಯಿ ಹೇಳಿರುತ್ತಾಳೆಂದು ಡಾಕ್ಟರು ತಿಳಿದಳು, ತಾಯಿ ಹೇಳಿದ್ದಾಳೆಂದು ಮಗಳು ತಿಳಿದಳು. ಅಮರಮ್ಮ ಇಬ್ಬರ ನಡುವೆ ನಿಂತು ಗೋಡೆ ನೋಡಿದಳು.

* * *

ಏಳನೆಯ ತಿಂಗಳಲ್ಲಿ ಊರೇ ನಿಂತು ನೀಲಾಗೆ ಸೀಮಂತದ ಕುಬಸ ಮಾಡಿತು. ಹಸಿರು ಸೀರೆ, ಹಸಿರು ಬಳೆ ಕೆಳಗಿನಿಂದ ಬಂದವು. ತರಿಸಲು ಮಂಡಳಿಯ ನೌಕೆಯನ್ನೇ ಬೇಡಬೇಕಾಯಿತೆಂದು ಮೌನೇಶಪ್ಪ ನಗಾಡಿದ. ಹಾಡುವ ಹೆಂಗಸರಿಗೆ ಹಾಡು ಅರ್ಧಂಬರ್ಧ ಮರೆತಿತ್ತು, ಏಕೆಂದರೆ ಈ ಹಾಡನ್ನು ಅವರು ಯಾವತ್ತೂ ಇಲ್ಲಿ ಹಾಡಿದವರಲ್ಲ. ಬಸಲಿಂಗಮ್ಮಜ್ಜಿ ಪರದೆಯಲ್ಲಿ ಕೂತು ನೋಡಿದಳು. ಎಂಬತ್ತೆರಡರ ಅಜ್ಜಿ ಬೈಯಲಿಲ್ಲ, ಹರಸಿದಳು. ಕೊನೆಗೆ ಮಾತ್ರ ಅಮರಮ್ಮನನ್ನು ಕುರಿತು, "ಮಗಳನ್ನ ಕಳಸ್ತಿ ಅಂತ ತೊಟ್ಲ ತೊಳದಿದ್ದೆನವ್ವ" ಎಂದಳು.

ಹೆಣ್ಣು ಕೂಸು ಹುಟ್ಟಿತು. ಸುಖ ಹೆರಿಗೆ. ಮೂರೂ ಪಾಳಿಯ ಗಣಿಗಾರರು ಕೆಲಸ ಬಿಟ್ಟು ಆಸ್ಪತ್ರೆಯ ಸುರಂಗದಲ್ಲಿ ಕೂತಿದ್ದರು. ಫರ್ಹಾನಾ ಬಾಗಿಲು ತೆಗೆದು ತಲೆಯಾಡಿಸಿದಾಗ ಮುದುಕರು ಕೂಡ ಹಗುರ ನೆಲದಲ್ಲಿ ಆಳೆತ್ತರ ಜಿಗಿದರು. ಅಮರಮ್ಮ ಜನನದ ಪುಸ್ತಕದ ಮೊದಲ ಪುಟ ತೆರೆದಳು. ಹುಟ್ಟಿದ ಊರು ಎಂಬಲ್ಲಿ ಹೊಸಹಟ್ಟಿ ಎಂದು ಬರೆದಳು. ಸ್ವತಂತ್ರಾ ಎಂದು ಹೆಸರಿಡಬೇಕೆಂದು ಪಂಚಾಯಿತಿ ಠರಾವು ಮಾಡಿತ್ತು. ನೀಲಾ ಅದನ್ನು ಒಪ್ಪದೆ ಅಜ್ಜಿಯ ಹೆಸರಿಟ್ಟಳು. ಬಸಲಿಂಗಮ್ಮ ಎಂಬುದು ಎರಡೇ ದಿನದಲ್ಲಿ ಬಸವ್ವ ಆಯಿತು.

ಅಂತಿಮ ವಾದದ ದಿನ ಅಮರಮ್ಮ ಆ ಪುಟವನ್ನು ಪರದೆಗೆ ಹಿಡಿದಳು. ಹಿಂದೆ ನೀಲಾ ಕೂಸನ್ನೆತ್ತಿಕೊಂಡು ನಿಂತಿದ್ದಳು. "ಈ ಮಗಳ ತವರು ಇದೇ ನೆಲ. ಇವಳ ಮಗಳ ಹುಟ್ಟೂರು ಇದೇ ನೆಲ. ಬೇರೆ ಎಲ್ಲ ದಾರಿ ಮುಚ್ಚಿದಾಗ ಮಾತ್ರ ಬೇರೆಯಾಗುವ ಹಕ್ಕು ಒಂದು ಜನಕ್ಕೆ ಬರುತ್ತದೆನ್ನುತ್ತೀರಿ. ನಮ್ಮ ದಾರಿ ಮುಚ್ಚಿದೆ, ಸ್ವಾಮಿ" ಎಂದಳು. ದ್ವೀಪದೇಶದ ನ್ಯಾಯಾಧೀಶರು ಕೂಸನ್ನು ನೋಡಿ ಅಜ್ಜನಂತೆ ನಕ್ಕರು. ಅದು ಗೆದ್ದ ಗುರುತೆಂದು ಸಂಪರ್ಕ ಕೋಣೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಿವಿದುಕೊಂಡರು.

* * *

ನ್ಯಾಯಪೀಠದ ಅಭಿಪ್ರಾಯ ಬಂದಾಗ ಬಸವ್ವನಿಗೆ ಹತ್ತು ತಿಂಗಳು. ಎರಡುನೂರ ಮೂವತ್ತು ಪರಿಚ್ಛೇದಗಳ ಅಭಿಪ್ರಾಯದ ಸಾರವನ್ನು ಮುಖ್ಯ ನ್ಯಾಯಾಧೀಶರು ಓದಿದರು. ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನು ಮುರಿದಿಲ್ಲ. ಹೊಸಹಟ್ಟಿಯವರು ಒಂದು ಜನಾಂಗ. ಅವರ ಒಪ್ಪಿಗೆಯಿಲ್ಲದೆ ಅವರನ್ನು ಎಬ್ಬಿಸುವುದು ಜೀವದ ಹಕ್ಕಿಗೆ ವಿರುದ್ಧ. ಮುಂದಿನದು ಯಾರಿಗೂ ಕೇಳಿಸಲಿಲ್ಲ. ಮೌನೇಶಪ್ಪ ಮಕ್ಕಳಂತೆ ಅಳುತ್ತಿದ್ದ. ಯಾರೋ ಹಲಗೆ ಬಡಿಯತೊಡಗಿದರು. ಗಂಡನ ಗೆಳೆಯ ಆ ಮುದುಕ ಬಂದು ಅಮರಮ್ಮನ ಕಾಲಿಗೆ ಬೀಳಹೋದ. ಅವಳು ಹಿಂದೆ ಸರಿದು ಅವನ ರಟ್ಟೆ ಹಿಡಿದು ಎತ್ತಿದಳು.

ಸದ್ದು ತಗ್ಗಿದ ಮೇಲೆ ಅವಳು ಒಬ್ಬಳೇ ಕೂತು ಪೂರ್ತಿ ಓದಿದಳು. ತಾನು ಗೆದ್ದ ತೀರ್ಪನ್ನು ಸವಿದು ಓದುವುದು ವಕೀಲರ ಚಟ. ತೊಂಬತ್ತೇಳನೆಯ ಪರಿಚ್ಛೇದಕ್ಕೆ ಬಂದು ನಿಂತಳು. ಅಲ್ಲಿ ಹೀಗಿತ್ತು: 'ಖಾಯಂ ಜನವೆನ್ನಲು ನೆಲೆಸುವ ಉದ್ದೇಶ ಮತ್ತು ಬಾಳಿದ ಕಾಲ ಸಾಕು. ಜನ ಎಲ್ಲಿ ಹುಟ್ಟಿದರೆಂಬುದು ಈ ವಿಷಯಕ್ಕೆ ಸಂಬಂಧಿಸಿದ್ದಲ್ಲ. ವಿಚಾರಣೆಯಲ್ಲಿ ಪೀಠದ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಮಾಹಿತಿಗಾಗಿ ಕೇಳಿದ್ದಾಗಿತ್ತು.'

ಅವಳು ಅದನ್ನು ಮೂರು ಸಲ ಓದಿದಳು. ನಲವತ್ತೆರಡು ಗೋರಿಗಳು, ಮೂವತ್ತೊಂದು ವರ್ಷ, ಎಂಟುನೂರು ಮತ, ಡಾಕ್ಟರ ಒಂದು ಕಾಗದ ಇಷ್ಟೇ ಸಾಕಿತ್ತು. ನೀಲಾ ಐದನೆಯ ತಿಂಗಳಿಗೆ ಕೆಳಗಿಳಿದು, ಕೂಸು ಲಿಂಗಸುಗೂರಿನ ತೊಟ್ಟಿಲಲ್ಲಿ ಮಲಗಿದ್ದರೂ ಹೊಸಹಟ್ಟಿ ಇದೇ ದಿನ ಇದೇ ಮಾತಿನಲ್ಲಿ ಗೆಲ್ಲುತ್ತಿತ್ತು. ಹೊರಗೆ ಅವಳ ಹೆಸರು ಹಿಡಿದು ಜೈಕಾರ ಹಾಕುತ್ತಿದ್ದರು. ಅದು ನಿಲ್ಲಲಿ ಎಂದು ಅವಳು ಕಾದಳು.

ಮನೆಯಲ್ಲಿ ನೀಲಾ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಾಯಿಯನ್ನು ಕಂಡು ಅವಳ ಮುಖ ಅರಳಿತು.

"ಅವ್ವ, ಗೆದ್ದಾಯ್ತಲ್ಲ. ಇನ್ನ ಇಕಿ ಕೆಲಸ ಮುಗೀತು. ಅಜ್ಜಿಗೆ ಮೈಯಾಗ ಹುಷಾರಿಲ್ಲಂತ. ಒಂದೆರಡು ತಿಂಗಳು ತಿರುಗುಕೋಣಿಯೊಳಗ ರೂಢಿ ಮಾಡಿಸಿ, ಬಸವ್ವನ ಕರಕೊಂಡು ಹೋಗಿ ತೋರಿಸಿಕೊಂಡು ಬರ್ತೀನಿ. ಅಜ್ಜಿ ಮಡಿಲಾಗ ಒಂದಿನ ಹಾಕಬೇಕು."

ಅಮರಮ್ಮ ಕೂತಳು. ಕೂತು ಹೇಳಿದಳು. ತೊಂಬತ್ತೇಳನೆಯ ಪರಿಚ್ಛೇದವನ್ನೂ ಹೇಳಿದಳು, ಪಂಜರಗಳನ್ನೂ ಹೇಳಿದಳು. ಎಷ್ಟು ಚಿಕ್ಕದಾಗಿ ಹೇಳಿದರೂ ಅದು ಉದ್ದವಾಯಿತು.

"ಎಷ್ಟು ಮೊಲ?" ಎಂದಳು ನೀಲಾ.

"ಹದಿನಾಲ್ಕು."

"ಎಷ್ಟು ಉಳಿದ್ವು?"

"ಒಂದೂ ಇಲ್ಲ."

ನೀಲಾ ಕೂಸಿನ ಮೈಗೆ ಬಟ್ಟೆ ಸುತ್ತಿದಳು. ಎಣ್ಣೆಯ ಕೈ ಜಾರಿ ಗಂಟು ಬೀಳಲಿಲ್ಲ, ಮತ್ತೆ ಕಟ್ಟಿದಳು. "ನಾ ಕೇಳಿದ್ದೆ. ತಾಯಿಯಾಗಿ ಅಂದಿ" ಎಂದಷ್ಟೇ ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಅಮರಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡು ತಿಂಗಳಿಗೆ ಲಿಂಗಸುಗೂರಿನಲ್ಲಿ ಬಸಲಿಂಗಮ್ಮಜ್ಜಿ ತೀರಿಕೊಂಡಳು. ಮರಿಮಗಳನ್ನು ಅವಳು ಪರದೆಯಲ್ಲಿ ಮಾತ್ರ ನೋಡಿದ್ದಳು.

ಫರ್ಹಾನಾ ತನ್ನಿಂದಾದದ್ದೆಲ್ಲ ಮಾಡಿದಳು. ಡಾಕ್ಟರಿಗೂ ಈ ವಿಷಯದಲ್ಲಿ ತನ್ನ ಪಾಲಿನ ಪಾಪವಿತ್ತು. ತಾನೇ ಬಾಯಿಬಿಟ್ಟು ಹೇಳಬೇಕಿತ್ತೆಂದು ನೀಲಾಳ ಕೈಹಿಡಿದು ಒಪ್ಪಿಕೊಂಡಳು. ಬಸವ್ವನನ್ನು ವರ್ಷಕ್ಕೊಮ್ಮೆ ತಿರುಗುಕೋಣೆಯಲ್ಲಿ ಕೂರಿಸಿ ಭಾರ ಏರಿಸಿ ನೋಡುತ್ತಿದ್ದಳು. ಭೂಮಿಯ ಅರ್ಧ ಭಾರ ಮುಟ್ಟುವ ಮುಂಚೆಯೇ ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು. ನಾಲ್ಕನೆಯ ಸಲವೂ ಹಾಗೇ ಆದ ಮೇಲೆ ನೀಲಾ, ಇನ್ನು ಸಾಕು ಎಂದಳು.

* * *

ಹೊಸಹಟ್ಟಿಯನ್ನು ಆರು ವರ್ಷದಲ್ಲಿ ಹದಿನೇಳು ದೇಶಗಳು ಅಂಗೀಕರಿಸಿದವು. ಮಂಡಳಿ ನೀರಿನ ಗಿರಾಕಿಯಾಗಿ 'ಮಾನ್ಯರೇ' ಎಂದು ಕಾಗದ ಬರೆಯತೊಡಗಿತು. ಹಳಬರು ತಮ್ಮ ತಮ್ಮ ಹಾಸಿಗೆಗಳಲ್ಲಿ ಆಯುಷ್ಯ ಮುಗಿಸಿಕೊಂಡು ತಮ್ಮದೇ ನೆಲದಲ್ಲಿ ಮಣ್ಣಾದರು. ಗೆಲುವು ಸುಳ್ಳಾಗಿರಲಿಲ್ಲ. ಪ್ರತಿ ವರ್ಷ ಸ್ವಾತಂತ್ರ್ಯದ ದಿನ ಊರಿನ ಮೊದಲ ಪ್ರಜೆಯೆಂದು ಬಸವ್ವನ ಕೈಯಲ್ಲಿ ಬಾವುಟ ಹಾರಿಸುತ್ತಿದ್ದರು. ಅಮರಮ್ಮ ಆ ದಿನ ಕಾಯಿಲೆಯ ನೆವ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು.

ನೀಲಾ ತಾಯಿಯನ್ನು ಬಿಟ್ಟುಹಾಕಲಿಲ್ಲ. ಉಣ್ಣಲು ಕೊಟ್ಟಳು, ಕಾಯಿಲೆ ಬಿದ್ದರೆ ನೋಡಿಕೊಂಡಳು. ಏನನ್ನಾದರೂ ಕೇಳುವುದನ್ನು ಮಾತ್ರ ಬಿಟ್ಟಳು. ಬಸವ್ವನಿಗೆ ಆರು ನಡೆಯುವಾಗ ಮತ್ತೆ ಬಸುರಿಯಾದಳು. ಆ ಸಂಗತಿಯನ್ನು ಅಮರಮ್ಮ ಫರ್ಹಾನಾಳಿಂದ ತಿಳಿದಳು. ಐದನೆಯ ತಿಂಗಳಿಗೆ ನೌಕೆಯಲ್ಲಿ ಜಾಗ ಹಿಡಿದದ್ದು ಆದೆಪ್ಪನಿಂದ ಗೊತ್ತಾಯಿತು. ಬಸಲಿಂಗಮ್ಮಜ್ಜಿಯ ಮನೆ ಈಗ ಸೋದರಮಾವನದು. ಹೆರಿಗೆ ಅಲ್ಲೇ ಎಂದು ಆದೆಪ್ಪನೇ ಹೇಳಿದ. ನೀಲಾ ಹೆತ್ತು, ಕೂಸಿಗೆ ವರ್ಷ ತುಂಬುವ ತನಕ ಅಲ್ಲಿದ್ದು ಬರುವುದೆಂದು ಗಂಡ ಹೆಂಡತಿ ನಿಶ್ಚಯಿಸಿದ್ದರು.

ಹೊರಡುವ ದಿನ ನೀಲಾ ಮಗಳ ತಲೆ ಬಾಚಿ ಹೂವಿನ ರಿಬ್ಬನ್ನು ಕಟ್ಟಿದಳು. ಮುದ್ದಿಟ್ಟಳು. ಮತ್ತೆ ಮುದ್ದಿಟ್ಟಳು. ತಾಯಿಯತ್ತ ತಿರುಗಿ, "ಇಕಿ ಏನರ ಕೇಳಿದ್ರ, ಖರೇ ಹೇಳು" ಎಂದಳು. ಆ ಐದು ವರ್ಷದಲ್ಲಿ ಅವಳು ತಾಯಿಯನ್ನು ಬೇಡಿದ್ದು ಅದೊಂದೇ.

ನೌಕೆಯ ಅಂಗಳಕ್ಕೆ ಮುಖ ಮಾಡಿದ ದಪ್ಪ ಗಾಜಿನ ಹಿಂದೆ ಅಜ್ಜಿ ಮೊಮ್ಮಗಳು ನಿಂತರು. ದಿಗಂತದ ಅಂಚಿನಲ್ಲಿ ಭೂಮಿ ಅರ್ಧ ಮೇಲೆದ್ದಿತ್ತು. ಧ್ರುವದಲ್ಲಿ ಅದು ಎರಡು ವಾರ ಕಾಣುತ್ತದೆ, ಎರಡು ವಾರ ಮುಳುಗಿರುತ್ತದೆ. ನೌಕೆ ಸದ್ದಿಲ್ಲದೆ ಎದ್ದು ಚುಕ್ಕಿಯಾಯಿತು. ಬಸವ್ವ ಅಳಲಿಲ್ಲ. ಉದ್ದನೆಯ ಸಣ್ಣ ಕಾಲುಗಳ ಮೇಲೆ ಹಗುರವಾಗಿ ನಿಂತು, ಹಣೆಯನ್ನು ಗಾಜಿಗೆ ಒತ್ತಿ, ಚುಕ್ಕಿ ಹೋದ ಕಡೆಗೇ ನೋಡಿದಳು.

"ಅವ್ವ ಕೂಸು ತರಾಕ ಹೋಗ್ಯಾಳ. ನಾ ಯಾವಾಗ ಹೋಗೋದು ಅಜ್ಜಿ?"

ಅಮರಮ್ಮನಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಬರುತ್ತದೆಂದು ಗೊತ್ತಿತ್ತು. ದೊಡ್ಡವಳಾದ ಮೇಲೆ, ಎಲುಬು ಗಟ್ಟಿಯಾದ ಮೇಲೆ, ಹೊಸ ಔಷಧಿ ಬಂದ ಮೇಲೆ ಎಂದು ಹೇಳಲು ಎಷ್ಟೋ ಮಾತುಗಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು, ಅವುಗಳಲ್ಲಿ ಒಂದಕ್ಷರವೂ ಪೂರ್ತಿ ಸುಳ್ಳಲ್ಲ. ಅವಳು ಅವನ್ನೆಲ್ಲ ನುಂಗಿ, ಮಂಡಿಯೂರಿ ಕೂತಳು.

"ನೀ ಹೋಗಾಕ ಬರಂಗಿಲ್ಲ ಬಸವ್ವ. ಯಾವತ್ತೂ ಬರಂಗಿಲ್ಲ. ನಿನ್ನ ಗುಂಡಿಗಿ ಈ ನೆಲಕ್ಕಷ್ಟ ಆಗಿ ಬಂದೈತಿ. ಹಂಗ ಆಗೋದು ನನಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಇಲ್ಲೇ ಹುಟ್ಟಿಸಿದೆ. ನಿಮ್ಮವ್ವಗ ಗೊತ್ತಿದ್ದಿಲ್ಲ."

"ಯಾಕ ಹಂಗ ಮಾಡಿದಿ?"

"ಊರಿಗೆ ಒಳ್ಳೇದಾಗತೈತಿ ಅಂದುಕೊಂಡೆ. ಎಲ್ಲಾರಿಗೂ ತಮ್ಮ ಬಾಳೇವು ತಾವ ನಿರ್ಧಾರ ಮಾಡೋ ಹಕ್ಕು ಬರಲಿ ಅಂತ."

ಬಸವ್ವ ಗಾಜಿನ ಮೇಲೆ ಕವಿದ ತನ್ನ ಉಸಿರನ್ನು ಬೆರಳಿನಿಂದ ಒರೆಸಿದಳು.

"ಎಲ್ಲಾರನ್ನೂ ಕೇಳಿ ಮಾಡಿದ್ರೇನು?"

"ಕೇಳಿದ್ವಿ. ಒಬ್ಬೊಬ್ಬರನ್ನೂ ಕೇಳಿ ಮತ ಹಾಕಿಸಿದ್ವಿ."

"ನನ್ನ?"

"ನಿನ್ನ ಕೇಳಲಿಲ್ಲ."

"ಕೇಳಬೇಕಿತ್ತು" ಎಂದಳು ಬಸವ್ವ, ಗಾಜಿನಿಂದ ಹಣೆ ತೆಗೆಯದೆ.